ಕೆಂಪು ಕಿವಿಯ ಆಮೆಯನ್ನು ಕೆರೆಗೆ ಬಿಡಬಹುದಾ?

ಮೈಸೂರಿನ ಅಪ್ಪ: ಆರು ವರ್ಷದ ಹಿಂದೆ ಮಗಳ ಹಟಕ್ಕೆ ಅಕ್ವೇರಿಯಂ ಅಂಗಡಿಯಿಂದ ಆಮೆಮರಿ ತಂದೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ, ರೆಡ್ ಇಯರ್ಡ್ ಸ್ಲೈಡರ್ ಅನ್ನುತ್ತಾರೆ. ಆಗ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿತ್ತು, ಈಗ ತಿಂಡಿ ತಟ್ಟೆಯಷ್ಟಾಗಿದೆ. ಎರಡು ದಿನ ನೀರು ಬದಲಾಯಿಸದಿದ್ದರೆ ಹಾಲ್‌ನಲ್ಲಿ ಕೂರೋಕಾಗಲ್ಲ. ಮಗಳಂತೂ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಹತ್ತಿರದ ಕೆರೆಗೆ ಬಿಟ್ಟರೆ ಅದರ ಪಾಡಿಗೆ ಅದು ಇರುತ್ತದೆ, ಅಲ್ವಾ?

ಕೆರೆದಂಡೆ: ದಯವಿಟ್ಟು ಬೇಡ ಸರ್. ಅದರ ಊರು ಅಮೆರಿಕದ ಮಿಸಿಸಿಪ್ಪಿ ಸೀಮೆ. ಬೇರೆ ನೆಲಕ್ಕೆ ಹೋಗಿ ಹಾವಳಿ ಮಾಡುವ ಜಗತ್ತಿನ 100 ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮ ಕೆರೆಯ ಆಮೆಗಳಿಗೆ ಅದು ಬಿಸಿಲು ಕಾಯುವ ಕಲ್ಲನ್ನೂ ಬಿಟ್ಟುಕೊಡುವುದಿಲ್ಲ. ಯುರೋಪ್ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸಿತು.

ಟೆರೇಸ್ ತೋಟ: ಸುಮ್ನೆ ಹೆದರಿಸಬೇಡಿ. ನನ್ನದು ಒಂಬತ್ತು ವರ್ಷದಿಂದ ಆರಾಮಾಗಿದೆ. ನನ್ನನ್ನು ಕಂಡರೆ ಈಜಿಕೊಂಡು ಬರುತ್ತದೆ. ಪ್ರೀತಿಯಿಂದ ನೋಡಿಕೊಂಡರೆ ಸಾಕು.

ದನದ ಡಾಕ್ಟರ್: ಅದು ಬರುವುದು ಊಟಕ್ಕೆ ಸರ್! ನನ್ನ ಹತ್ತಿರ ತರುವ ಆಮೆಗಳಲ್ಲಿ ಚಿಪ್ಪು ಮೆತ್ತಗಾಗಿರುವುದೇ ಜಾಸ್ತಿ. ನೇರ ಬಿಸಿಲು ಬೀಳದಿದ್ದರೆ ಮೈಯಲ್ಲಿ ಡಿ ವಿಟಮಿನ್ ಹುಟ್ಟುವುದಿಲ್ಲ, ತಿಂದ ಕ್ಯಾಲ್ಸಿಯಂ ಚಿಪ್ಪಿಗೆ ಸೇರುವುದಿಲ್ಲ. ಕಿಟಕಿ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜೇ ತಡೆಯುತ್ತದೆ. ನಾಯಿಯಾದರೆ ಕುಂಯ್ ಅನ್ನುತ್ತದೆ. ಆಮೆ ಸುಮ್ಮನಿರುತ್ತದೆ, ನಾವು ಆರಾಮಾಗಿದೆ ಅಂದುಕೊಳ್ಳುತ್ತೇವೆ. ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಕಾಟ ಬೇರೆ. ಮಕ್ಕಳಿಗೆ ಆ ಸೋಂಕು ಹರಡುತ್ತದೆ ಅಂತಲೇ ಅಮೆರಿಕದಲ್ಲಿ 1975ರಿಂದ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ಬಂದ್.

ಟೆರೇಸ್ ತೋಟ: ಡಾಕ್ಟ್ರೇ, ನಾನು ದಿನಾ ಬಿಸಿಲಿಗೆ ಬಿಡುತ್ತೇನೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ದನದ ಡಾಕ್ಟರ್: ಒಪ್ಪಿದೆ. ಆದರೆ ನಿಮ್ಮಂಥವರು ಎಷ್ಟು ಜನ? ಇದು ಮೂವತ್ತು ವರ್ಷ ಬದುಕಬಲ್ಲ ಪ್ರಾಣಿ, ಒಂದಡಿ ಉದ್ದ ಬೆಳೆಯಬಹುದು. ಮರಿ ಮಾರುವಾಗ ಅಂಗಡಿಯವರು ಇದನ್ನು ಹೇಳುತ್ತಾರಾ?

ಚಿಂತಾಮಣಿ ಎಕ್ಸ್‌ಪ್ರೆಸ್: ಹಾಗಾದರೆ ನಮ್ಮ ಕಡೆಯದೇ ನಕ್ಷತ್ರ ಆಮೆ ಸಾಕಬಹುದಾ? ಅದೃಷ್ಟ ಬರುತ್ತದಂತೆ.

ಕೆರೆದಂಡೆ: ಪೊಲೀಸರು ಬರುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಮೈಸೂರಿನ ಅಪ್ಪ: ಸರಿ, ಕೆರೆಗೆ ಬಿಡುವುದಿಲ್ಲ. ಟೆರೇಸ್ ಸರ್, ನಿಮ್ಮಲ್ಲಿ ಇನ್ನೊಂದಕ್ಕೆ ಜಾಗ ಇದೆಯಾ?

ಟೆರೇಸ್ ತೋಟ: ಮನೆಯವರನ್ನು ಕೇಳಿ ಹೇಳುತ್ತೇನೆ.

ದನದ ಡಾಕ್ಟರ್: ತಂದರೂ ಎರಡನ್ನೂ ಒಂದೇ ಟಬ್‌ಗೆ ಹಾಕಬೇಡಿ, ಕಚ್ಚಾಡುತ್ತವೆ.