ಸಹಾಯ ಬೇಕು: ಅಪ್ಪಯ್ಯನ ಮಾತ್ರೆ ಖರ್ಚು ಇಳಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರದ ಹತ್ತಿರ ಒಂದು ಹಳ್ಳಿ. ಅಪ್ಪಯ್ಯನಿಗೆ ಬಿಪಿ, ಶುಗರ್ ಎರಡೂ ಇದೆ. ಶುಗರ್‌ಗೆ ಮೆಟ್‌ಫಾರ್ಮಿನ್, ಬಿಪಿಗೆ ಟೆಲ್ಮಿಸಾರ್ಟನ್, ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ ದಿನಾ ಬೇಕೇ ಬೇಕು. ತಿಂಗಳಿಗೆ 1,800 ರೂಪಾಯಿ ಮೆಡಿಕಲ್ ಶಾಪಿಗೇ ಹೋಗ್ತಿದೆ. ಈ ಸಲ ತೋಟಕ್ಕೆ ಕೊಳೆ ರೋಗ ಬೇರೆ ಬಂದು ಕೈ ಪೂರ್ತಿ ಖಾಲಿ.

ಕೇಂದ್ರ ಸರ್ಕಾರದ ಯೋಜನೆಯ ಕಡಿಮೆ ದರದ ಔಷಧಿ ಅಂಗಡಿ, ಜನೌಷಧಿ ಕೇಂದ್ರದಲ್ಲಿ ಇದೇ ಔಷಧಿ ಕಂಪನಿ ಹೆಸರಿಲ್ಲದೆ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತೆ ಅಂತ ಗೊತ್ತಾಯ್ತು. ಜನೌಷಧಿ ಸುಗಮ್ ಆ್ಯಪಿನಲ್ಲಿ ದರ ನೋಡಿ ನನಗೇ ನಂಬೋಕಾಗಲಿಲ್ಲ. ಡಾಕ್ಟರ ಹತ್ತಿರ ಕೇಳಿದೆ, ತಗೊಳ್ಳಿ ಅಂದರು. ಆದರೆ ಮೆಟ್‌ಫಾರ್ಮಿನ್ ಎಸ್‌ಆರ್ (ಹೊಟ್ಟೇಲಿ ನಿಧಾನವಾಗಿ ಬಿಡುಗಡೆ ಆಗೋ ಮಾತ್ರೆ) ಅಂತ ಬರೆದಿದ್ದರೆ ಅದೇ ತಗೋಬೇಕು, ಸಾದಾ ಮಾತ್ರೆ ಬೇರೆ, ಮಿಲಿಗ್ರಾಂ ಕೂಡ ಸರಿಯಾಗಿ ನೋಡಿ ಅಂತ ಒತ್ತಿ ಹೇಳಿದರು.

ಶಿವಮೊಗ್ಗ ಅಥವಾ ತೀರ್ಥಹಳ್ಳಿಯಲ್ಲಿ ಈ ಮೂರೂ ಯಾವಾಗಲೂ ಸ್ಟಾಕ್ ಇರೋ ಕೇಂದ್ರ ಯಾವುದು? ಬಸ್ ಚಾರ್ಜ್ ಕೊಟ್ಟು ಹೋಗಿ ಬರಿಗೈಲಿ ಬರೋ ಹಾಗಾಗಬಾರದು. ಒಂದೇ ಚೀಟಿಗೆ ಮೂರು ತಿಂಗಳದ್ದು ಕೊಡ್ತಾರಾ? ಮಳೆಗಾಲದ ಥಂಡಿಗೆ ಮಾತ್ರೆ ಹಾಳಾಗದ ಹಾಗೆ ಹೇಗೆ ಇಟ್ಕೊಳ್ತೀರಿ? ತಂಗಿಗೆ ಅಲ್ಲಿನ ಒಂದು ರೂಪಾಯಿಯ ಸುವಿಧಾ ಸ್ಯಾನಿಟರಿ ಪ್ಯಾಡೂ ತರಬೇಕು. ಶುಗರ್ ನೋಡೋ ಸ್ಟ್ರಿಪ್ ಕಡಿಮೆಗೆ ಸಿಗೋ ಕಡೆ ಗೊತ್ತಿದ್ದರೆ ಅದನ್ನೂ ತಿಳಿಸಿ. ಸೋಮವಾರ ಹೊರಡಬೇಕು ಅಂತಿದ್ದೀನಿ.