ಹೊಸ ಕಾರ್ಡ್ ಹಾಕಿದ ಮೇಲೆ ಲೈಬ್ರರಿ ಅಪ್‌ಡೇಟ್ ಮುಗಿಯುತ್ತಿಲ್ಲ, ಹಾಡಿನ ಹೆಸರೆಲ್ಲ ಬರೀ ಪ್ರಶ್ನೆ ಚಿಹ್ನೆ

ಹಾಡುಹುಚ್ಚು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಬಟನ್ ಇರುವ ಸಣ್ಣ ಮ್ಯೂಸಿಕ್ ಪ್ಲೇಯರ್ ಇದೆ. ಆಂಡ್ರಾಯ್ಡ್ ಅಲ್ಲ, ಕಂಪನಿಯದೇ ಫರ್ಮ್‌ವೇರ್. ಹಾಡು ಕೇಳುವಾಗ ಮೆಸೇಜು, ಕರೆ ಯಾವುದೂ ಬೇಡ ಅಂತಲೇ ಇಟ್ಟುಕೊಂಡಿದ್ದೇನೆ. 32 ಜಿಬಿ ಕಾರ್ಡ್ ಇದ್ದಾಗ ಏನೂ ತೊಂದರೆ ಇರಲಿಲ್ಲ. ಜಾಗ ಸಾಲದೆ 128 ಜಿಬಿ ಮೈಕ್ರೋ ಎಸ್‌ಡಿ ಕಾರ್ಡ್ ಹಾಕಿ, ಮ್ಯಾಕ್‌ನಿಂದ ಇಡೀ ಸಂಗ್ರಹ ಕಾಪಿ ಮಾಡಿದೆ. ಸುಮಾರು 400 ಆಲ್ಬಮ್ ಆಗುತ್ತವೆ.

ಈಗ ಲೈಬ್ರರಿ ಅಪ್‌ಡೇಟ್ (ಪ್ಲೇಯರ್ ಕಾರ್ಡಿನ ಹಾಡುಗಳನ್ನೆಲ್ಲ ಓದಿ ಪಟ್ಟಿ ಮಾಡುವುದು) ಕೊಟ್ಟರೆ ಎಣಿಕೆ ಏರುತ್ತಾ ಹೋಗಿ ಒಂದು ಕಡೆ ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಪ್ಲೇಯರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಪ್ರತಿ ಸಲವೂ ಹೆಚ್ಚು ಕಡಿಮೆ ಅದೇ ಜಾಗದಲ್ಲಿ. ಪಟ್ಟಿಗೆ ಬಂದಿರುವ ಹಾಡುಗಳಲ್ಲೂ ಕೆಲವು ಎರಡೆರಡು ಸಲ ಕಾಣುತ್ತವೆ, ಎರಡರಲ್ಲಿ ಒಂದು ಪ್ಲೇ ಆಗುವುದೇ ಇಲ್ಲ. ಜೊತೆಗೆ ಕನ್ನಡದಲ್ಲಿ ಹೆಸರು ಹಾಕಿದ ಎಷ್ಟೋ ಹಾಡುಗಳು ???? ಅಂತ ತೋರಿಸುತ್ತಿವೆ. ಪ್ಲೇಯರ್ ಕೆಟ್ಟಿತಾ, ಕಾರ್ಡೇ ಸರಿ ಇಲ್ವಾ? ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಬಿಟ್‌ರೇಟ್

ಫ್ಯಾಕ್ಟರಿ ರೀಸೆಟ್ ಮಾಡಿ. ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಮತ್ತೆ ಕಾಪಿ ಮಾಡಿ ನೋಡಿ. ಫ್ಯಾಟ್32, ಎಕ್ಸ್‌ಫ್ಯಾಟ್ ಅಂದರೆ ಕಾರ್ಡಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಎರಡು ಪದ್ಧತಿ. ನಿಮ್ಮ ಹೊಸ ಕಾರ್ಡ್ ಎಕ್ಸ್‌ಫ್ಯಾಟ್‌ನಲ್ಲಿರಬಹುದು, ಇಂಥ ಪ್ಲೇಯರ್‌ಗಳಲ್ಲಿ ಕೆಲವಕ್ಕೆ ಅದನ್ನು ಓದಲು ಬರುವುದಿಲ್ಲ.

ತಂಬೂರಿ

ಬಿಟ್‌ರೇಟ್ ಅವರು ಹೇಳಿದ್ದು ಎಷ್ಟೋ ಸಲ ಕೆಲಸಕ್ಕೆ ಬರುತ್ತದೆ, ಆದರೆ ಈಗಲೇ ಫಾರ್ಮ್ಯಾಟ್ ಬೇಡ. ಎಕ್ಸ್‌ಫ್ಯಾಟ್ ಬರದಿದ್ದರೆ ಪ್ಲೇಯರ್ ಕಾರ್ಡನ್ನೇ ಗುರುತಿಸುತ್ತಿರಲಿಲ್ಲ. ಇಲ್ಲಿ ಹಾಡುಗಳು ಪಟ್ಟಿಗೆ ಬರುತ್ತಿವೆಯಲ್ಲ. ಎಲ್ಲವನ್ನೂ ಒಂದೇ ಸಲ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತಲೇ ತಿಳಿಯುವುದಿಲ್ಲ, ನಾಳೆ ಮತ್ತೆ ಕೆಟ್ಟರೆ ಮತ್ತೆ ಮೊದಲಿನಿಂದ ಒದ್ದಾಟ.

ಹಾಡುಹುಚ್ಚು, ಮೊದಲು ಇಷ್ಟು ಹೇಳಿ. ಲೈಬ್ರರಿ ಬಿಟ್ಟು ಫೋಲ್ಡರ್ ಮೂಲಕ ಹೋದರೆ ಹಾಡು ಪ್ಲೇ ಆಗುತ್ತದೆಯೇ? ಎರಡೆರಡು ಕಾಣುವ ಹಾಡುಗಳ ಫೈಲ್ ಹೆಸರು ಹೇಗಿದೆ? ಪ್ರಶ್ನೆ ಚಿಹ್ನೆ ಬರುತ್ತಿರುವುದು ಎಂಪಿ3ಗಳಲ್ಲೋ, ಫ್ಲ್ಯಾಕ್‌ಗಳಲ್ಲೋ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಹಾಡಿನ ಫೈಲ್), ಎರಡರಲ್ಲೂನೋ? ಹಾಡುಗಳ ಮೂಲ ಪ್ರತಿ ಕಂಪ್ಯೂಟರ್‌ನಲ್ಲಿ ಭದ್ರವಾಗಿದೆ ತಾನೇ?

ಹಾಡುಹುಚ್ಚು

ಮೂಲ ಪ್ರತಿ ಇದೆ. ಫೋಲ್ಡರ್ ಮೂಲಕ ನಾನು ನೋಡಿದಷ್ಟು ಹಾಡು ಚೆನ್ನಾಗಿಯೇ ಪ್ಲೇ ಆಗುತ್ತಿವೆ. ಎರಡೆರಡು ಬರುವಲ್ಲಿ, ಪ್ಲೇ ಆಗದ ಫೈಲಿನ ಹೆಸರಿನ ಮೊದಲು ಒಂದು ಚುಕ್ಕೆ, ಒಂದು ಅಂಡರ್‌ಸ್ಕೋರ್ ಇದೆ. ಸೈಜ್ ಬರೀ 4 ಕೆಬಿ. ಪ್ರಶ್ನೆ ಚಿಹ್ನೆ ಎಂಪಿ3ಗಳಿಗೆ ಮಾತ್ರ. ನೀವು ಕೇಳಿದ ಮೇಲೆ ಗಮನಿಸಿದೆ, ಫ್ಲ್ಯಾಕ್ ಫೈಲ್‌ಗಳ ಹೆಸರು ಕನ್ನಡದಲ್ಲೇ ಸರಿಯಾಗಿ ಬರುತ್ತಿದೆ!

ತಂಬೂರಿ

ಹಾಗಾದರೆ ಇದು ಒಂದು ಕಾಯಿಲೆ ಅಲ್ಲ, ಮೂರು. ಒಂದೊಂದಾಗಿ ನೋಡೋಣ.

ಚುಕ್ಕೆ ಇರುವ ಆ 4 ಕೆಬಿ ಫೈಲ್‌ಗಳು ಹಾಡುಗಳೇ ಅಲ್ಲ. ಮ್ಯಾಕ್ ಪ್ರತಿ ಫೈಲಿನ ಜೊತೆ ತನ್ನದೇ ಕೆಲವು ಮಾಹಿತಿ ಇಟ್ಟುಕೊಳ್ಳುತ್ತದೆ. ಅದನ್ನು ಇಡಲು ಎಕ್ಸ್‌ಫ್ಯಾಟ್‌ನಲ್ಲಿ ಜಾಗವಿಲ್ಲ, ಫ್ಯಾಟ್32ರಲ್ಲೂ ಇಲ್ಲ. ಅದಕ್ಕೆ ಪಕ್ಕದಲ್ಲೇ ಒಂದು ಪುಟ್ಟ ಫೈಲ್ ಮಾಡಿ ಅದರಲ್ಲಿ ತುಂಬುತ್ತದೆ. ಹೆಸರಿನ ಕೊನೆಗೆ ಎಂಪಿ3 ಅಂತ ಇರುವುದರಿಂದ ಪ್ಲೇಯರ್ ಅದನ್ನೂ ಹಾಡು ಅಂದುಕೊಳ್ಳುತ್ತದೆ. ಫಾರ್ಮ್ಯಾಟ್ ಬದಲಿಸಿದರೂ ಇವು ಮತ್ತೆ ಬರುತ್ತವೆ, ನಾನು ಬೇಡ ಅಂದದ್ದು ಅದಕ್ಕೇ. ಮ್ಯಾಕ್‌ನ ಟರ್ಮಿನಲ್‌ನಲ್ಲಿ ಡಾಟ್ ಕ್ಲೀನ್ ಅನ್ನುವ ಕಮಾಂಡ್ ಮೊದಲೇ ಇದೆ (ಎರಡು ಪದಗಳ ನಡುವೆ ಅಂಡರ್‌ಸ್ಕೋರ್, ಎಲ್ಲ ಸಣ್ಣಕ್ಷರ). ಅದರ ಮುಂದೆ ಒಂದು ಸ್ಪೇಸ್, ಅಡ್ಡಗೆರೆ, ಎಮ್ ಅಕ್ಷರ, ಮತ್ತೊಂದು ಸ್ಪೇಸ್ ಕೊಟ್ಟು, ಕಾರ್ಡಿನ ಐಕಾನನ್ನು ಎಳೆದು ಟರ್ಮಿನಲ್ ಮೇಲೆ ಬಿಡಿ. ದಾರಿ ತಾನಾಗಿ ತುಂಬಿಕೊಳ್ಳುತ್ತದೆ. ಎಂಟರ್ ಒತ್ತಿದರೆ ಆ ಫೈಲ್‌ಗಳೆಲ್ಲ ಹೋಗುತ್ತವೆ. ಕಾರ್ಡನ್ನು ಇಜೆಕ್ಟ್ ಮಾಡಿಯೇ ತೆಗೆಯಿರಿ, ಸುಮ್ನೆ ಕಿತ್ತುಕೊಳ್ಳಬೇಡಿ. ಎಕ್ಸ್‌ಫ್ಯಾಟ್ ಕಾರ್ಡ್ ಹಾಳಾಗುವುದು ಜಾಸ್ತಿ ಹಾಗೆಯೇ.

ಪ್ರಶ್ನೆ ಚಿಹ್ನೆಗೆ ಉತ್ತರ ನಿಮ್ಮ ಫ್ಲ್ಯಾಕ್ ಫೈಲ್‌ಗಳೇ ಕೊಟ್ಟಿವೆ. ಅವು ಸರಿ ಕಾಣುತ್ತಿವೆ ಅಂದರೆ ಪ್ಲೇಯರ್‌ನಲ್ಲಿ ಕನ್ನಡ ಫಾಂಟ್ ಇದೆ ಅಂತಾಯಿತು. ಫಾಂಟ್ ಇಲ್ಲದಿದ್ದರೆ ಎರಡಕ್ಕೂ ಖಾಲಿ ಚೌಕಗಳು ಬರಬೇಕಿತ್ತು. ಫ್ಲ್ಯಾಕ್ ಟ್ಯಾಗ್‌ಗಳು (ಫೈಲಿನೊಳಗೆ ಹಾಡಿನ ಹೆಸರು, ಗಾಯಕರ ಹೆಸರು ಬರೆದಿಡುವ ಜಾಗ) ಯಾವಾಗಲೂ ಯುಟಿಎಫ್-8, ಅಂದರೆ ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆಯಬಲ್ಲ ಸಂಕೇತ ಪದ್ಧತಿ, ಅಲ್ಲಿ ಗೊಂದಲಕ್ಕೆ ಜಾಗವಿಲ್ಲ. ಎಂಪಿ3 ಕತೆ ಬೇರೆ. ಅದರ ಐಡಿ3 ಟ್ಯಾಗ್‌ನಲ್ಲಿ ಹಲವು ತಲೆಮಾರು ಇವೆ, ಒಂದೇ ಫೈಲಿನಲ್ಲಿ ಎರಡು ಒಟ್ಟಿಗೆ ಇರಬಹುದು. ತೀರಾ ಹಳೆಯ ಆವೃತ್ತಿ 1ರಲ್ಲಿ ಹಾಡಿನ ಹೆಸರಿಗೆ ಇರುವುದು 30 ಬೈಟ್ ಮಾತ್ರ. ಕನ್ನಡ ಅಕ್ಷರ ಬರೆಯಲು ಅಲ್ಲಿ ಸರಿಯಾದ ದಾರಿಯೇ ಇಲ್ಲ, ಹಾಗಾಗಿ ಸಾಫ್ಟ್‌ವೇರ್‌ಗಳು ಅಕ್ಷರದ ಬದಲು ಪ್ರಶ್ನೆ ಚಿಹ್ನೆ ತುಂಬುತ್ತವೆ. 2000ದಲ್ಲಿ ಬಂದ 2.4ರಲ್ಲಿ ಯುಟಿಎಫ್-8 ಇದೆ, ಆದರೆ ಎಷ್ಟೋ ಪ್ಲೇಯರ್‌ಗಳು ಅದನ್ನು ಓದದೆ ಹಳೆಯ ಟ್ಯಾಗನ್ನೇ ತೋರಿಸಿಬಿಡುತ್ತವೆ.

ಎಂಪಿ3ಟ್ಯಾಗ್‌ನಂಥ ಟ್ಯಾಗ್ ಎಡಿಟರ್‌ನಲ್ಲಿ ಒಂದು ಹಾಡು ತೆರೆಯಿರಿ. ಅಲ್ಲಿ ಹೆಸರು ಕನ್ನಡದಲ್ಲಿ ಸರಿಯಾಗಿ ಕಂಡರೆ ಏನೂ ಕಳೆದುಹೋಗಿಲ್ಲ. ಸೆಟ್ಟಿಂಗ್‌ನಲ್ಲಿ ಐಡಿ3 2.3, ಯುಟಿಎಫ್-16 ಅಂತ ಆರಿಸಿ, ಆವೃತ್ತಿ 1ನ್ನು ತೆಗೆದುಹಾಕುವಂತೆ ಗುರುತು ಹಾಕಿ, ಎಲ್ಲ ಹಾಡು ಆಯ್ದು ಸೇವ್ ಮಾಡಿ. ಎಡಿಟರ್‌ನಲ್ಲೂ ಪ್ರಶ್ನೆ ಚಿಹ್ನೆಯೇ ಕಂಡರೆ ಮಾತ್ರ ಹೆಸರು ಹೊಸದಾಗಿ ಟೈಪ್ ಮಾಡಬೇಕು, ಬೇರೆ ದಾರಿ ಇಲ್ಲ. ಇನ್ನು ಕೆಲವರಿಗೆ ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ ಎ ಅಕ್ಷರ ಸಾಲುಗಟ್ಟಿ ಕಾಣುತ್ತದೆ. ಅದು ಯುಟಿಎಫ್-8 ಕನ್ನಡವನ್ನು ಲ್ಯಾಟಿನ್ ಅಂತ ತಪ್ಪಾಗಿ ಓದಿದ್ದರ ಗುರುತು. ಕನ್ನಡದ ಪ್ರತಿ ಅಕ್ಷರಕ್ಕೂ ಅಲ್ಲಿ 3 ಬೈಟ್, ಮೊದಲ ಬೈಟ್ ಲ್ಯಾಟಿನ್‌ನಲ್ಲಿ ಹಾಗೆ ಕಾಣುತ್ತದೆ.

ಕೊನೆಯದು ಲೈಬ್ರರಿ ನಿಲ್ಲುವುದು. ಅದೇ ಜಾಗದಲ್ಲಿ ನಿಲ್ಲುತ್ತದೆ ಅಂದಿರಿ. ನನಗೆ ಅನುಮಾನ ಯಾವುದೋ ಒಂದು ಫೈಲ್ ಮೇಲೆ. ಅರ್ಧದಷ್ಟು ಆಲ್ಬಮ್‌ಗಳನ್ನು ಕಾರ್ಡಿನಿಂದ ತೆಗೆದು ಅಪ್‌ಡೇಟ್ ಕೊಡಿ. ನಿಂತರೆ ತಪ್ಪು ಉಳಿದ ಅರ್ಧದಲ್ಲಿದೆ, ಮುಗಿದರೆ ತೆಗೆದ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. 400 ಆಲ್ಬಮ್ ಇದ್ದರೂ ಹೆಚ್ಚೆಂದರೆ 9 ಸುತ್ತಿಗೆ ಒಂದು ಆಲ್ಬಮ್‌ಗೆ ಬಂದು ನಿಲ್ಲುತ್ತೀರಿ. ಒಂದು ವಿಷಯ ಗಮನದಲ್ಲಿರಲಿ. ಎರಡು ಅರ್ಧಗಳೂ ಬೇರೆ ಬೇರೆಯಾಗಿ ಸಲೀಸಾಗಿ ಮುಗಿದು, ಒಟ್ಟಿಗೆ ಹಾಕಿದಾಗ ಮಾತ್ರ ನಿಂತರೆ ಅದು ಫೈಲಿನ ತಪ್ಪಲ್ಲ, ಹಾಡುಗಳ ಸಂಖ್ಯೆ ಪ್ಲೇಯರ್‌ನ ಮಿತಿ ದಾಟಿದೆ ಅಂತ.

ಬಿಟ್‌ರೇಟ್

ಇದರ ಜೊತೆ ಕಾರ್ಡನ್ನೂ ಒಮ್ಮೆ ಪರೀಕ್ಷಿಸಿ. 128 ಅಂತ ತೋರಿಸಿ ಒಳಗೆ ಅಷ್ಟು ಜಾಗವೇ ಇಲ್ಲದ ನಕಲಿ ಕಾರ್ಡ್‌ಗಳಿವೆ. ಕಾಪಿ ಮಾಡುವಾಗ ಎರರ್ ಬರುವುದಿಲ್ಲ, ಓದುವಾಗ ಫೈಲ್ ಒಡೆದಿರುತ್ತದೆ. ಮ್ಯಾಕ್, ಲಿನಕ್ಸ್‌ಗೆ ಎಫ್3, ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಟೂಲ್‌ಗಳಿವೆ. ಖಾಲಿ ಜಾಗ ಪೂರ್ತಿ ಬರೆದು, ಮತ್ತೆ ಓದಿ ಹೋಲಿಸುತ್ತವೆ. ಹಾಡು ಹಾಕುವ ಮೊದಲು, ಖಾಲಿ ಕಾರ್ಡ್ ಮೇಲೆ ಮಾಡಿದರೆ ಪೂರ್ತಿ ಗೊತ್ತಾಗುತ್ತದೆ.

ಹಾಡುಹುಚ್ಚು

ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಕಾರ್ಡ್ ಖಾಲಿ ಮಾಡಿ ಎಫ್3 ಓಡಿಸಿದೆ, ಪೂರ್ತಿ 128ಕ್ಕೂ ಸರಿ ಇದೆ. ಹಾಡುಗಳನ್ನು ಮತ್ತೆ ಹಾಕಿ ಡಾಟ್ ಕ್ಲೀನ್ ಮಾಡಿದ ಮೇಲೆ ಎರಡೆರಡು ಬರುವುದು ನಿಂತಿತು. ಎಂಪಿ3ಗಳ ಹೆಸರು ಎಡಿಟರ್‌ನಲ್ಲಿ ಕನ್ನಡದಲ್ಲೇ ಇತ್ತು, 2.3 ಮಾಡಿದ ಮೇಲೆ ಪ್ಲೇಯರ್‌ನಲ್ಲೂ ಬಂತು. ನೋಡಿ ಎಷ್ಟು ಖುಷಿಯಾಯಿತು!

ಅರ್ಧ ಅರ್ಧ ಮಾಡುತ್ತಾ ಹೋದಾಗ ಒಂದೇ ಆಲ್ಬಮ್ ಉಳಿಯಿತು. ಫೋಲ್ಡರ್ ಮೂಲಕ ಅದರ ಹಾಡು ಒತ್ತಿದರೂ ಕವರ್ ಚಿತ್ರ ಬರಬೇಕಾದ ಜಾಗ ಕಪ್ಪಾಗಿ, ಪ್ಲೇಯರ್ ಅಲ್ಲೇ ನಿಲ್ಲುತ್ತದೆ. ಕಂಪ್ಯೂಟರ್‌ನಲ್ಲಿ ನೋಡಿದರೆ ಪ್ರತಿ ಹಾಡಿನೊಳಗೂ 3000×3000 ಪಿಕ್ಸೆಲ್ ಚಿತ್ರ ಇದೆ. ಫೈಲ್ ಸೈಜ್ 1 ಎಂಬಿಯೂ ಇಲ್ಲ. ಅಷ್ಟು ಸಣ್ಣದು ಹೇಗೆ ಇಷ್ಟು ತೊಂದರೆ ಕೊಡುತ್ತದೆ?

ತಂಬೂರಿ

ಸಿಕ್ಕಿತಲ್ಲ, ಒಳ್ಳೆಯದಾಯಿತು. 1 ಎಂಬಿ ಅನ್ನುವುದು ಕುಗ್ಗಿಸಿದ ಸೈಜ್. ಪರದೆಗೆ ತರಬೇಕಾದರೆ ಅದನ್ನು ಪೂರ್ತಿ ಬಿಚ್ಚಬೇಕು. 3000×3000 ಅಂದರೆ 90 ಲಕ್ಷ ಪಿಕ್ಸೆಲ್, ಒಂದಕ್ಕೆ 3 ಬೈಟ್, ಒಟ್ಟು ಸುಮಾರು 27 ಎಂಬಿ. ಸಣ್ಣ ಪ್ಲೇಯರ್‌ನ ಮೆಮೊರಿಗೆ ಅದು ಭಾರವೇ. 500×500 ಮಾಡಿದರೆ ಮುಕ್ಕಾಲು ಎಂಬಿಗೆ ಇಳಿಯುತ್ತದೆ. ಆ ಪುಟ್ಟ ಪರದೆಯಲ್ಲಿ ವ್ಯತ್ಯಾಸವೂ ಕಾಣುವುದಿಲ್ಲ.

ಚಿತ್ರ ಸೇವ್ ಮಾಡುವಾಗ ಜೆಪೆಗ್‌ನಲ್ಲಿ 'ಪ್ರೋಗ್ರೆಸಿವ್' ಗುರುತು ತೆಗೆದು 'ಬೇಸ್‌ಲೈನ್' ಇಡಿ. ಪ್ರೋಗ್ರೆಸಿವ್ ಚಿತ್ರ ಬಿಚ್ಚಲು ಬಾರದ ಪ್ಲೇಯರ್‌ಗಳು ತುಂಬಾ ಇವೆ. ದೊಡ್ಡ ಚಿತ್ರ ಕಳೆದುಕೊಳ್ಳುವುದು ಬೇಡ ಅನಿಸಿದರೆ ಮೂಲ ಪ್ರತಿ ಮುಟ್ಟಬೇಡಿ, ಕಾರ್ಡಿಗೆ ಹೋಗುವ ಪ್ರತಿಯಲ್ಲಿ ಮಾತ್ರ ಬದಲಿಸಿ.

ಹಾಡುಹುಚ್ಚು

500×500 ಬೇಸ್‌ಲೈನ್ ಮಾಡಿದೆ, ಲೈಬ್ರರಿ ಕೊನೆಯವರೆಗೂ ಓಡಿತು! ಇನ್ನೊಂದೇ ಒಂದು ಪ್ರಶ್ನೆ. ಹಲವು ಗಾಯಕರು ಹಾಡಿರುವ ಆಲ್ಬಮ್ ಒಂದು, ಪ್ರತಿ ಗಾಯಕರಿಗೂ ಬೇರೆ ಬೇರೆ ಆಲ್ಬಮ್ ಆಗಿ ಚೂರುಚೂರಾಗಿ ಕಾಣುತ್ತಿದೆ. ಅದನ್ನು ಒಟ್ಟಿಗೆ ತರಲು ಆಗುತ್ತದಾ?

ತಂಬೂರಿ

ಆಗುತ್ತದೆ. 'ಆರ್ಟಿಸ್ಟ್' ಜಾಗದಲ್ಲಿ ಗಾಯಕರ ಹೆಸರು ಹಾಗೇ ಇರಲಿ. 'ಆಲ್ಬಮ್ ಆರ್ಟಿಸ್ಟ್' ಅಂತ ಇನ್ನೊಂದು ಜಾಗ ಇರುತ್ತದೆ, ಆ ಆಲ್ಬಮ್‌ನ ಎಲ್ಲ ಹಾಡುಗಳಿಗೂ ಅಲ್ಲಿ ಒಂದೇ ಹೆಸರು ಕೊಡಿ. ಒಂದು ಸ್ಪೇಸ್ ಹೆಚ್ಚು ಕಡಿಮೆಯಾದರೂ ಬೇರೆ ಆಲ್ಬಮ್ ಅಂತಲೇ ಎಣಿಸುತ್ತದೆ, ಹಾಗಾಗಿ ಎಲ್ಲವನ್ನೂ ಆಯ್ದು ಒಟ್ಟಿಗೇ ತುಂಬಿ. ಆಮೇಲೆ ಹಳೆಯ ಲೈಬ್ರರಿ ಅಳಿಸಿ ಹೊಸದಾಗಿ ಅಪ್‌ಡೇಟ್ ಕೊಡಿ. ಬರೀ ಅಪ್‌ಡೇಟ್ ಕೊಟ್ಟರೆ ಕೆಲವು ಪ್ಲೇಯರ್‌ಗಳು ಹಳೆಯ ಹೆಸರನ್ನೇ ಹಿಡಿದುಕೊಂಡಿರುತ್ತವೆ.