ಬೊನೇರ್ ದ್ವೀಪದಲ್ಲಿ ಸ್ಕೂಬಾ ಡೈವಿಂಗ್: ಮಲೆನಾಡಿನಿಂದ ಹೊರಡುವವರ ಸಿದ್ಧತೆ ಹೇಗಿರಬೇಕು?

ಮೂಡಿಗೆರೆಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಸಮೀಪದ ಕಾಫಿ ಬೆಳೆಗಾರ, ವಯಸ್ಸು 52. ಕಳೆದ ವರ್ಷ ಮುರುಡೇಶ್ವರಕ್ಕೆ ಹೋಗಿದ್ದಾಗ ನೇತ್ರಾಣಿ ದ್ವೀಪದ ಬಳಿ ತರಬೇತುದಾರರ ಜೊತೆ ಒಮ್ಮೆ ಸಮುದ್ರಕ್ಕೆ ಇಳಿದಿದ್ದೆ. ನೀರೊಳಗೆ ಕಳೆದ ಆ ಇಪ್ಪತ್ತು ನಿಮಿಷ ಇಂದಿಗೂ ಮನಸ್ಸಿನಿಂದ ಹೋಗಿಲ್ಲ. ಮುಂದಿನ ವರ್ಷ ನಮ್ಮ ಮದುವೆಗೆ 25 ವರ್ಷ ತುಂಬುತ್ತದೆ. ಮಗಳು ನೆದರ್ಲೆಂಡ್ಸ್‌ನಲ್ಲಿ ಓದುತ್ತಿರುವುದರಿಂದ, ಅಲ್ಲಿಗೆ ಹೋಗಿ ಮೂವರೂ ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪಕ್ಕೆ ಹತ್ತು ದಿನಗಳ ಮಟ್ಟಿಗೆ ಹೋಗಿಬರಬೇಕೆಂಬ ಆಸೆಯಿದೆ.

ಕೊಯ್ಲು ಮತ್ತು ಹೂಮಳೆಯ ತಿಂಗಳುಗಳಲ್ಲಿ ತೋಟ ಬಿಟ್ಟು ಕದಲುವಂತಿಲ್ಲವಾದ್ದರಿಂದ ನನಗೆ ಬಿಡುವಾಗುವುದು ಆಗಸ್ಟ್‌ನಲ್ಲಿ ಮಾತ್ರ. ಅದು ಕೆರಿಬಿಯನ್‌ನಲ್ಲಿ ಚಂಡಮಾರುತದ ಕಾಲವೆಂದು ಓದಿದ್ದೇನೆ. ಆಗ ಹೋಗುವುದು ಸರಿಯೇ? ಒಮ್ಮೆ ಮಾತ್ರ ನೀರಿಗಿಳಿದಿರುವ ನನ್ನಂಥವನಿಗೆ ಆ ದ್ವೀಪ ತಕ್ಕುದೇ? ನನ್ನ ಪತ್ನಿಗೆ ಈಜು ಬಾರದು. ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಹಾಸನದ ನಿವೃತ್ತ ಎಂಜಿನಿಯರ್

ನಮಸ್ಕಾರ ಸರ್. ನಾನು ಬೊನೇರ್‌ಗೆ 2018ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಹೋಗಿದ್ದೇನೆ. ಆಗಸ್ಟ್ ಬಗ್ಗೆ ತಾವು ಅತಿಯಾಗಿ ಚಿಂತಿಸಬೇಕಾಗಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲವೆಂಬುದು ನಿಜವಾದರೂ ಬೊನೇರ್ ವೆನೆಜುವೆಲಾ ಕರಾವಳಿಗೆ ಹತ್ತಿರವಿದ್ದು, ಬಹುತೇಕ ಚಂಡಮಾರುತಗಳು ಅದರ ಉತ್ತರಕ್ಕೆ ಹಾದುಹೋಗುತ್ತವೆ. ಹಾಗೆಂದು ಪೂರ್ತಿ ನಿರಾತಂಕವೂ ಅಲ್ಲ. 1999ರ ನವೆಂಬರ್‌ನಲ್ಲಿ ಲೆನ್ನಿ ಎಂಬ ಚಂಡಮಾರುತ ವಾಡಿಕೆಗೆ ವಿರುದ್ಧವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಾಗ, ಅದರ ಅಲೆಗಳು ದ್ವೀಪದ ಪಶ್ಚಿಮ ತೀರದ ಹವಳಗಳನ್ನು ಮುರಿದು ಹಾಕಿದ್ದವು. ಪ್ರಯಾಣ ವಿಮೆಯನ್ನು ತಪ್ಪದೆ ಮಾಡಿಸಿಕೊಳ್ಳಿ.

ತಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ನೇತ್ರಾಣಿಯಲ್ಲಿ ದೋಣಿಯವರು ಕರೆದೊಯ್ಯುತ್ತಾರೆ, ತರಬೇತುದಾರರು ಪಕ್ಕದಲ್ಲಿಯೇ ಇದ್ದು ನಮ್ಮ ಪರವಾಗಿ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಬೊನೇರ್‌ನ ಕ್ರಮ ಬೇರೆ. ಅಲ್ಲಿ ಪಿಕಪ್ ವಾಹನವೊಂದನ್ನು ಬಾಡಿಗೆಗೆ ಪಡೆದು, ಹಿಂಬದಿಗೆ ಸಿಲಿಂಡರ್‌ಗಳನ್ನು ಹೇರಿಕೊಂಡು ಕರಾವಳಿಯ ರಸ್ತೆಯಲ್ಲಿ ಹೋಗುತ್ತಿದ್ದರೆ, ಹಳದಿ ಬಣ್ಣ ಬಳಿದು ಹೆಸರು ಬರೆದಿರುವ ಕಲ್ಲುಗಳು ಕಾಣುತ್ತವೆ. ಒಂದೊಂದು ಕಲ್ಲೂ ಒಂದೊಂದು ಡೈವಿಂಗ್ ತಾಣದ ಗುರುತು. ಅಲ್ಲಿ ವಾಹನ ನಿಲ್ಲಿಸಿ, ಜೊತೆಗಾರನೊಂದಿಗೆ ದಡದಿಂದಲೇ ನೀರಿಗೆ ನಡೆದು ಹೋಗಬೇಕು. ಮಾರ್ಗದರ್ಶಕರು ಬೇಕೆಂದರೆ ಸಿಗುತ್ತಾರೆ, ಆದರೆ ಆ ದ್ವೀಪದ ನಿಜವಾದ ಸೊಗಸು ಈ ಸ್ವಾತಂತ್ರ್ಯದಲ್ಲಿದೆ. ಸಿಲಿಂಡರ್‌ನಲ್ಲಿ ಉಳಿದಿರುವ ಗಾಳಿಯ ಲೆಕ್ಕ, ಆಳದ ಲೆಕ್ಕ, ಮರಳುವ ದಾರಿ ಎಲ್ಲವನ್ನೂ ತಾವೇ ನೋಡಿಕೊಳ್ಳಬಲ್ಲವರಿಗೆ ಮಾತ್ರ ಅದು ದಕ್ಕುತ್ತದೆ.

ಆದ್ದರಿಂದ ಹೊರಡುವ ಮೊದಲೇ ಓಪನ್ ವಾಟರ್ ತರಬೇತಿಯನ್ನು ಮುಗಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಅದು 18 ಮೀಟರ್ ಆಳದವರೆಗೆ ಇಳಿಯುವ ಅರ್ಹತೆ. ಹಿಲ್ಮಾ ಹೂಕರ್ ಎಂಬ ಸುಮಾರು 72 ಮೀಟರ್ ಉದ್ದದ ಹಡಗು, ಗಾಂಜಾ ಸಾಗಾಟದಲ್ಲಿ ಸಿಕ್ಕಿಬಿದ್ದು 1984ರಲ್ಲಿ ಅಲ್ಲಿ ಮುಳುಗಿ, ಸುಮಾರು 30 ಮೀಟರ್ ಆಳದ ಮರಳಿನಲ್ಲಿ ಒರಗಿ ಮಲಗಿದೆ. ಅದನ್ನು ಚೆನ್ನಾಗಿ ನೋಡಬೇಕಾದರೆ ಮುಂದಿನ ಹಂತದ ತರಬೇತಿಯೂ ಬೇಕು. ‘ಸಾವಿರ ಮೆಟ್ಟಿಲು’ ಎಂಬ ತಾಣದಲ್ಲಿ ಇರುವುದು ಎಪ್ಪತ್ತಕ್ಕೂ ಕಡಿಮೆ ಮೆಟ್ಟಿಲು. ಆದರೆ ಬೆನ್ನಿಗೆ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಂಡು ಹತ್ತುವಾಗ ಆ ಹೆಸರು ಏಕೆ ಬಂತೆಂಬುದು ತಿಳಿಯುತ್ತದೆ. ಮಂಡಿನೋವು ಇದ್ದರೆ ಆ ತಾಣಕ್ಕೆ ದೋಣಿಯಲ್ಲಿ ಹೋಗುವುದು ಲೇಸು.

ಇನ್ನು ಹವಳದ ವಿಷಯ. ಅಲ್ಲಿ ಈಟಿಯಿಂದ ಮೀನು ಹೊಡೆಯುವುದನ್ನು 1971ರಲ್ಲಿಯೇ ನಿಷೇಧಿಸಿದರು; 1979ರಲ್ಲಿ ದ್ವೀಪದ ಸುತ್ತಲಿನ ಸಮುದ್ರವನ್ನು 60 ಮೀಟರ್ ಆಳದವರೆಗೆ ಸಂರಕ್ಷಿತ ಉದ್ಯಾನವನ್ನಾಗಿ ಮಾಡಿದರು. ಇಷ್ಟು ಕಾಪಾಡಿಕೊಂಡು ಬಂದ ನೀರಿಗೂ 2023ರಲ್ಲಿ ಗಟ್ಟಿ ಹವಳಗಳ ಅಂಗಾಂಶ ಕಳಚುವ ರೋಗ ಬಂತು. 2014ರಲ್ಲಿ ಫ್ಲೋರಿಡಾದಲ್ಲಿ ಮೊದಲು ಕಂಡ ರೋಗವದು. ಮೊದಲ ಸಲ ಹೋದಾಗ ನಾನು ಕಂಡಿದ್ದ ಮಿದುಳಿನಾಕಾರದ ದೊಡ್ಡ ಹವಳವೊಂದು, ಎರಡನೆಯ ಸಲ ಹೋದಾಗ ಪಾಚಿ ಹಿಡಿದ ಬೋಳು ಬಂಡೆಯಾಗಿತ್ತು. ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಒಂದು ತಾಣದಿಂದ ಇನ್ನೊಂದಕ್ಕೆ ಹೋಗುವಾಗ ಸಲಕರಣೆಗಳನ್ನು ಸೋಂಕುನಿವಾರಕದಲ್ಲಿ ತೊಳೆಯುವುದನ್ನು ದಯವಿಟ್ಟು ಬೇಸರದ ಕೆಲಸವೆಂದು ಬಿಡಬೇಡಿ. ಕೈಗವಸು ತೊಡುವಂತಿಲ್ಲ, ಹವಳವನ್ನು ಮುಟ್ಟುವಂತಿಲ್ಲ, ಮೊದಲ ಡೈವ್ ಪರಿಚಯದ ಡೈವ್ ಆಗಿರಲೇಬೇಕು. ಇವೆಲ್ಲ ಅಲ್ಲಿನ ನಿಯಮಗಳು, ಮತ್ತು ನನ್ನ ದೃಷ್ಟಿಯಲ್ಲಿ ಅತ್ಯಂತ ನ್ಯಾಯವಾದ ನಿಯಮಗಳು.

ವೀಸಾ ವಿಷಯದಲ್ಲಿ ಒಂದು ಮಾತು: ಬೊನೇರ್ 2010ರಿಂದ ನೆದರ್ಲೆಂಡ್ಸ್‌ನ ವಿಶೇಷ ಪುರಸಭೆಯಾಗಿದ್ದರೂ ಷೆಂಗೆನ್ ವಲಯಕ್ಕೆ ಸೇರಿಲ್ಲ. ಮಗಳನ್ನು ನೋಡಲು ಪಡೆಯುವ ವೀಸಾ ದ್ವೀಪಕ್ಕೂ ಸಾಲುತ್ತದೆಂದು ಭಾವಿಸದೆ ರಾಯಭಾರ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಅಲ್ಲಿ ಚಲಾವಣೆಯಲ್ಲಿರುವುದು ಯೂರೋ ಅಲ್ಲ, ಅಮೆರಿಕದ ಡಾಲರ್.

ಚಿಕ್ಕಮಗಳೂರಿನ ವೈದ್ಯೆ

ಮೇಲೆ ಬರೆದಿರುವ ಹಿರಿಯರ ಮಾತಿಗೆ, ಕಿವಿ ಮತ್ತು ಎತ್ತರಕ್ಕೆ ಸಂಬಂಧಿಸಿದ ಎರಡು ವಿಷಯಗಳನ್ನು ಸೇರಿಸುತ್ತೇನೆ. ಚಾರ್ಮಾಡಿ ಘಾಟಿ ಇಳಿದು ಉಜಿರೆ ಮುಟ್ಟುವಷ್ಟರಲ್ಲಿ ನಮ್ಮೆಲ್ಲರ ಕಿವಿಯೂ ಕಟ್ಟಿಕೊಳ್ಳುತ್ತದೆ. ಸುಮಾರು 1,000 ಮೀಟರ್ ಎತ್ತರದಿಂದ ಸಮುದ್ರಮಟ್ಟಕ್ಕೆ ಇಳಿದಾಗ ಹೆಚ್ಚುವ ಗಾಳಿಯ ಒತ್ತಡ ಎಷ್ಟೋ, ನೀರಿನಲ್ಲಿ ಮೊದಲ ಒಂದೂಕಾಲು ಮೀಟರ್ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಅಷ್ಟೇ ಒತ್ತಡ ಹೆಚ್ಚುತ್ತದೆ. ಘಾಟಿಯಲ್ಲಿ ಒಂದು ಗಂಟೆಯಲ್ಲಿ ಆಗುವುದು ಇಲ್ಲಿ ಕೆಲವೇ ಕ್ಷಣಗಳಲ್ಲಿ ಆಗುವುದರಿಂದ, ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲನೆ ಗಾಳಿ ಒತ್ತಿ ಕಿವಿ ಬಿಡಿಸಿಕೊಳ್ಳುತ್ತಾ ಇಳಿಯಬೇಕು. ಬಿಡದಿದ್ದರೆ ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಬೇಕು. ಬಲವಂತ ಮಾಡಿದರೆ ತಮಟೆ ಹರಿಯಬಹುದು. ಶೀತವಿದ್ದಾಗ ನೀರಿಗಿಳಿಯಲೇಬಾರದು. ಆಸ್ತಮಾ, ಹೃದಯದ ತೊಂದರೆ ಇದ್ದರೆ ತರಬೇತಿಗೆ ಸೇರುವ ಮೊದಲೇ ವೈದ್ಯರಿಗೆ ತೋರಿಸಿ. ತಮ್ಮ ವಯಸ್ಸಿಗೆ ಹೃದಯದ ತಪಾಸಣೆಯನ್ನು ನಾನು ಹೇಗೂ ಸೂಚಿಸುತ್ತೇನೆ.

ಎರಡನೆಯದು ನಮ್ಮ ಊರಿನವರು ಮರೆಯುವ ವಿಷಯ. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗಿ ಉಳಿದಿರುತ್ತದೆ. ಸಾಕಷ್ಟು ಸಮಯ ಕೊಡದೆ ಎತ್ತರಕ್ಕೆ ಏರಿದರೆ ಅದು ಗುಳ್ಳೆಗಳಾಗಿ ಹೊರಟು ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡಬಲ್ಲದು. ಒಂದೇ ಡೈವ್ ಮಾಡಿದ್ದರೆ ವಿಮಾನ ಏರುವ ಮೊದಲು ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂಬ ಸಲಹೆ ಇರುವುದು ಇದಕ್ಕಾಗಿಯೇ. ಆ ಸಲಹೆ ಸುಮಾರು 600 ಮೀಟರ್ ಮೀರಿದ ಬೆಟ್ಟದ ರಸ್ತೆಗೂ ಅನ್ವಯಿಸುತ್ತದೆ. ಮೂಡಿಗೆರೆ, ಸಕಲೇಶಪುರ, ಹಾಸನ, ಚಿಕ್ಕಮಗಳೂರು ಎಲ್ಲವೂ 900 ಮೀಟರ್‌ಗಿಂತ ಎತ್ತರದಲ್ಲಿವೆ. ನೇತ್ರಾಣಿಯಲ್ಲಿ ತರಬೇತಿ ಮುಗಿಸಿ ಅದೇ ಸಂಜೆ ಘಾಟಿ ಹತ್ತಿ ಮನೆಗೆ ಬರುವ ಯೋಚನೆ ಬೇಡ. ಆ ರಾತ್ರಿ ಕರಾವಳಿಯಲ್ಲಿಯೇ ತಂಗಿ.

ಸಕಲೇಶಪುರದ ಶಿಕ್ಷಕಿ

ತಮ್ಮ ಮನೆಯವರ ಬಗ್ಗೆ ಯಾರೂ ಬರೆಯಲಿಲ್ಲವೆಂದು ಬರೆಯುತ್ತಿದ್ದೇನೆ. ಓಪನ್ ವಾಟರ್ ತರಬೇತಿಗೆ 200 ಮೀಟರ್ ಈಜಿ, 10 ನಿಮಿಷ ತೇಲಬೇಕಾಗುತ್ತದೆ. ನಾನು 46ನೆಯ ವಯಸ್ಸಿನಲ್ಲಿ ಹಾಸನದ ಈಜುಕೊಳವೊಂದರಲ್ಲಿ ಮೂರು ತಿಂಗಳು ಕಲಿತು ಅದನ್ನು ಪೂರೈಸಿದೆ. ಅವರಿಗೆ ಮನಸ್ಸಿದ್ದರೆ ಇನ್ನೂ ಸಮಯವಿದೆ. ಮನಸ್ಸಿಲ್ಲದಿದ್ದರೆ ಒತ್ತಾಯಿಸಬೇಡಿ, ತೇಲುಜಾಕೆಟ್ ಹಾಕಿಕೊಂಡು, ಮುಖವಾಡ ತೊಟ್ಟು ಮೇಲಿನಿಂದಲೇ ನೋಡಿದರೂ ಅಲ್ಲಿಯ ತಿಳಿನೀರಿನಲ್ಲಿ ಗಿಳಿಮೀನುಗಳೂ ಕಡಲಾಮೆಗಳೂ ಕಾಣಸಿಗುತ್ತವೆ.

ಮೂಡಿಗೆರೆಯ ಬೆಳೆಗಾರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಘಾಟಿಯ ವಿಷಯ ನನಗೆ ತಿಳಿದೇ ಇರಲಿಲ್ಲ. ಕಳೆದ ವರ್ಷ ಅದೇ ಸಂಜೆ ಹೊರಟು ರಾತ್ರಿಯೇ ಮನೆ ಸೇರಿದ್ದೆ. ಮಡದಿಗೆ ಶಿಕ್ಷಕಿಯವರ ಮಾತನ್ನು ಓದಿ ಹೇಳಿದೆ. ಈಜು ಕಲಿಯುವುದಾಗಿ ಅವಳೇ ಹೇಳಿದ್ದಾಳೆ. ಕೊಯ್ಲು ಮುಗಿದ ಮೇಲೆ, ಕಡಲು ಶಾಂತವಾಗಿರುವಾಗಲೇ, ನಾಲ್ಕು ದಿನ ಮುರುಡೇಶ್ವರದಲ್ಲಿ ಉಳಿದು ತರಬೇತಿ ಮುಗಿಸುತ್ತೇನೆ. ಇನ್ನೊಂದೇ ಸಂದೇಹ: ನನಗೆ ದೂರದೃಷ್ಟಿಯ ಕನ್ನಡಕವಿದೆ. ನೀರೊಳಗೆ ಏನು ಮಾಡುವುದು?

ಹಾಸನದ ನಿವೃತ್ತ ಎಂಜಿನಿಯರ್

ಪವರ್ ಇರುವ ಗಾಜನ್ನೇ ಕೂರಿಸಿದ ಮುಖವಾಡ ಸಿಗುತ್ತದೆ ಸರ್. ನಾನೂ ಅದನ್ನೇ ಬಳಸುತ್ತೇನೆ. ಇಲ್ಲಿಯೇ ಮಾಡಿಸಿಕೊಂಡು, ನೇತ್ರಾಣಿಯಲ್ಲಿ ಒಮ್ಮೆ ಹಾಕಿ ನೋಡಿ, ಮುಖಕ್ಕೆ ಸರಿಯಾಗಿ ಕೂತು ನೀರು ಒಸರದಿದ್ದರೆ ಅದನ್ನೇ ಬೊನೇರ್‌ಗೂ ಒಯ್ಯಿರಿ.